ಕೆಂಪಾಗದ ರಾಜ: ಕಂತು ಏಳು

"ಕೈ ತೆಗಿ! ಅದು ನನ್ನ ಹಂದಿಗಳ ಮೂಟೆ, ಸರ್ಕಾರದ್ದಲ್ಲ!" ಎಂದು ಪೇತ್ರಾ ಬೇಲಿಯಾಚೆಯಿಂದಲೇ ಕೂಗಿಕೊಂಡಳು.

ಎರ್ಮಿಲಾ ಪಿಂಕಾಯ್ ಕೈ ತೆಗೆಯಲಿಲ್ಲ. ಮೊಣಕೈವರೆಗೆ ಮೂಟೆಯೊಳಗಿದ್ದ ಕೈಯನ್ನು ಇನ್ನೂ ಕೆಳಕ್ಕಿಳಿಸಿ, ತಳದಲ್ಲಿದ್ದ ಪುಡಿಯನ್ನು ಮುಷ್ಟಿ ತುಂಬ ಹಿಡಿದು ಹೊರಗೆಳೆದಳು. ಜಿಲ್ಲಾ ಪ್ರಾಸಿಕ್ಯೂಷನ್ ಕಚೇರಿಯ ತನಿಖಾಧಿಕಾರಿಣಿಗೆ ಬೆಳಗಿನಿಂದ ಇದು ಮೂರನೆಯ ಹಂದಿಗೂಡು. ಕೂದಲು, ಹುಬ್ಬು, ಕಪ್ಪು ಪ್ಯಾಂಟು ಎಲ್ಲದರ ಮೇಲೂ ಬಿಳಿ ಪುಡಿ ಕೂತಿತ್ತು.

"ಹಿಟ್ಟಿನ ಗಿರಣಿಯಿಂದ ಬಂದ ದೆವ್ವದ ಹಾಗಿದ್ದೀಯ," ಎಂದಳು ಪೇತ್ರಾ. "ನಿಮ್ಮಮ್ಮ ನೋಡಿದ್ರೆ ಈ ನೌಕರಿ ಬಿಡಿಸಿ ಮದುವೆ ಮಾಡಿರೋಳು."

"ಎರಡು ಸಲ ಮಾಡಿದ್ಲು, ಪೇತ್ರಕ್ಕ. ಎರಡೂ ನಿಲ್ಲಲಿಲ್ಲ. ನಿನ್ನ ಹೆಂಚು ಕಾದಿದೆಯಾ?"

ಒಂಬತ್ತು ದಿನದ ಹಿಂದೆ ಮಾಂತಾ ಬಂದರಿನಲ್ಲಿ, ತೋಮಾಸಾ ಮೇರೊಳ ಕಾರ್ಖಾನೆಯಿಂದ ಹೊರಟಿದ್ದ ನಲವತ್ತು ಚದುರಂಗದ ಪೆಟ್ಟಿಗೆಗಳಿಂದ ಒಂದೊಂದು ಬಿಳಿ ರಾಜನನ್ನು ಎತ್ತಿ ಆಮ್ಲದ ಹನಿ ಬಿಟ್ಟಿದ್ದರು; ಮೂವತ್ತೊಂಬತ್ತು ರಾಜರು ತಾಗ್ವಾ ಎಂಬ ಕಾಡುಮರದ ದಂತದಂಥ ಬಿಳಿ ಬೀಜದ ಜಾಯಮಾನಕ್ಕೆ ತಕ್ಕಂತೆ ಗುಲಾಬಿಯಾದರು, ನಲವತ್ತನೆಯವನು ಬೆಳ್ಳಗೇ ಉಳಿದ. ಅವನು ಮರದ ಬೀಜದವನಲ್ಲ, ಆನೆಯ ದಂತದವನು. ಅಂದಿನಿಂದ ತೋಮಾಸಾ ಪೋರ್ತೊವಿಯೆಹೊದ ಲಾಕಪ್ಪಿನಲ್ಲಿದ್ದಾಳೆ, ಅರವತ್ಮೂರರ ವಯಸ್ಸಿನಲ್ಲಿ, ತುಟಿ ಬಿಚ್ಚದೆ.

ಇವತ್ತು ಮಧ್ಯಾಹ್ನ ಮೂರಕ್ಕೆ ವಿಚಾರಣೆ. ಅಷ್ಟರೊಳಗೆ ಬೇರೆ ಯಾರಾದರೂ ಸಿಗದಿದ್ದರೆ ಅವಳು ಜೈಲಿಗೆ ಹೋಗುತ್ತಾಳೆ, ಮೂವತ್ತು ಜನ ಉಣ್ಣುವ ಕಾರ್ಖಾನೆಗೆ ಬೀಗ ಬೀಳುತ್ತದೆ.

ಪ್ರಾಸಿಕ್ಯೂಟರ್ ವಿಯಾಸೀಸ್ ಕೀತೊದವನು, ಬೆಟ್ಟದ ಮೇಲಿನ ಮನುಷ್ಯ. ಅವನ ವಾದ ಸರಳವಾಗಿತ್ತು. ಕಾರ್ಖಾನೆಯ ನೆಲದಲ್ಲಿ ದಂತ ಕಡೆದ ಪುಡಿ ಒಂದು ಚಿಟಿಕೆಯೂ ಸಿಗಲಿಲ್ಲ, ನೆಲ ನೆಕ್ಕಿದ ಹಾಗೆ ಚೊಕ್ಕಟವಾಗಿದೆ. ಅಂದಮೇಲೆ ಆ ರಾಜ ತಯಾರಾಗಿಯೇ ಹೊರಗಿನಿಂದ ಬಂದಿದ್ದಾನೆ. ಪೆಟ್ಟಿಗೆಗೆ ಮೊಳೆ ಹೊಡೆಸಿ ಸಹಿ ಹಾಕಿದವಳು ತೋಮಾಸಾ. ಇನ್ನೇನು ಬೇಕು?

ಎರ್ಮಿಲಾ ಅದನ್ನು ಕೇಳಿ ಅವನ ಎದುರೇ ನಕ್ಕಿದ್ದಳು. ಈ ಸೊಸೊಟೆ ಊರಿನಲ್ಲಿ ನೆಲ ಚೊಕ್ಕಟವಾಗಿದ್ದರೆ ಅದಕ್ಕೆ ಕಾರಣ ಶುಚಿಯಲ್ಲ, ಹಂದಿ. ತಾಗ್ವಾ ಪುಡಿಯನ್ನು ಬಾಳೆಸಿಪ್ಪೆಗೆ ಕಲಸಿ ಇಟ್ಟರೆ ಹಂದಿಗಳು ಹಬ್ಬ ಮಾಡುತ್ತವೆ. ಅದನ್ನು ಕಸಕ್ಕೆ ಎಸೆಯುವುದೆಂದರೆ ಅನ್ನ ಎಸೆದಂತೆ. ಕಡೆದ ಬೊಂಬೆ ಯಜಮಾನರದ್ದು, ಉದುರಿದ ಪುಡಿ ಕಡೆದವನದ್ದು; ಅಜ್ಜಂದಿರ ಕಾಲದಿಂದಲೂ ಹೀಗೇ. ಕೂಲಿಯನ್ನು ಹೆಂಡತಿ ಕೈಗೆ ಕೊಟ್ಟ ಮೇಲೆ, ಪುಡಿಯ ಮೂಟೆಯನ್ನು ದೀಕ್ಷಾಸ್ನಾನದಲ್ಲಿ ತಾನು ಜ್ಞಾನತಂದೆಯಾಗಿ ನಿಂತ ಮಗುವಿನ ಮನೆಗೆ ಭಾನುವಾರದ ಪೂಜೆ ಮುಗಿಸಿ ಹೊತ್ತೊಯ್ಯುವುದು ಇಲ್ಲಿನ ಗಂಡಸಿನ ಮರ್ಯಾದೆ.

ಕೊಲೆ ಮಾಡಿದವನಾದರೂ ಇಲ್ಲಿ ಪುಡಿ ಮಾತ್ರ ಎಸೆಯಲಾರ. ಅದೊಂದೇ ನಂಬಿಕೆ ಹಿಡಿದು ಅವಳು ಮುಂಜಾನೆಯಿಂದ ಹಂದಿಗೂಡುಗಳನ್ನು ಸುತ್ತುತ್ತಿದ್ದಳು. ತೋಮಾಸಾಳ ಕೈಕೆಳಗೆ ರಾಜನನ್ನು ಕಡೆಯಬಲ್ಲವರು ಮೂರೇ ಜನ. ವಿಸ್ತೆರ್‌ನ ಮೂಟೆ ನೋಡಿದ್ದಾಯಿತು, ನಸಾರಿಯೊನದ್ದೂ ನೋಡಿದ್ದಾಯಿತು. ಎರಡೂ ಹೆಂಚಿನ ಮೇಲೆ ಹುರಿದ ಜೋಳದ ಹಾಗೆ ಘಮ್ಮೆಂದಿದ್ದವು. ತಾಗ್ವಾ ಸುಟ್ಟರೆ ಬರುವ ವಾಸನೆಯೇ ಅದು.

ಪೇತ್ರಾ ಮೂಗು ಮುರಿಯುತ್ತಲೇ ಅಡುಗೆಮನೆಯಿಂದ ಹೆಂಚು ತಂದು ಕೆಂಡದ ಮೇಲಿಟ್ಟಳು.

"ಹಂದಿಗಳು ಚೆನ್ನಾಗಿ ತಿಂತಿವೆಯಾ?"

"ಮೂಟೆ ಅರ್ಧ ಆಗೋವರೆಗೂ ಬಡಿದಾಡ್ಕೊಂಡು ತಿಂದ್ವು. ತಳ ಹತ್ತಿರ ಬಂದಾಗಿಂದ ಮೂಸಿ ಮೂತಿ ತಿರುಗಿಸ್ತವೆ. ಶ್ರೀಮಂತರಾಗಿಬಿಟ್ಟಿವೆ, ಏನ್ ಮಾಡ್ಲಿ? ಬಾಳೆಸಿಪ್ಪೆ ಹಾಕಿದೆ, ಬೆಲ್ಲದ ನೀರು ಹಾಕಿದೆ. ಇನ್ನು ಪಾದ್ರಿನ ಕರೆಸಿ ಮಂತ್ರ ಹಾಕಿಸೋದೊಂದು ಬಾಕಿ."

ಎರ್ಮಿಲಾ ಮುಷ್ಟಿ ಬಿಚ್ಚಿ ಚಿಟಿಕೆ ಪುಡಿಯನ್ನು ಹೆಂಚಿನ ಮೇಲೆ ಉದುರಿಸಿದಳು. ಪುಡಿ ಕಂದಿತು, ಕರಿದಾಯಿತು. ಮೊದಲು ಏನೂ ಬರಲಿಲ್ಲ. ಆಮೇಲೆ ಬಂತು.

"ಥೂ! ಯಾರ ಜಡೆಗೆ ಬೆಂಕಿ ಬಿತ್ತೇ?" ಎಂದು ಪೇತ್ರಾ ಏಪ್ರನ್ನಿನಿಂದ ಮೂಗು ಮುಚ್ಚಿಕೊಂಡಳು.

ಸುಟ್ಟ ಕೂದಲಿನ ವಾಸನೆ. ಅದರ ಹಿಂದೆಯೇ ಹಲ್ಲಿನ ಡಾಕ್ಟರ ಕೋಣೆಯಲ್ಲಿ ಬರುವ ವಾಸನೆ. ಮರದ ಬೀಜ ಹೀಗೆ ನಾರುವುದಿಲ್ಲ, ಪ್ರಾಣಿಯ ದೇಹದಿಂದ ಬಂದದ್ದು ಮಾತ್ರ ನಾರುತ್ತದೆ.

ಎರ್ಮಿಲಾ ಬಾಯಿ ತೆರೆಯುವ ಮೊದಲೇ ಪೇತ್ರಾ ಅಂದಳು: "ಇದು ಉಬಾಲ್ದೊ ತಂದದ್ದಲ್ಲ ಕಣೇ."

"ನಾನು ಯಾರು ತಂದದ್ದು ಅಂತ ಕೇಳೇ ಇಲ್ಲವಲ್ಲ, ಪೇತ್ರಕ್ಕ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಪೇತ್ರಾಳ ಮುಖ ಬಾಡಿತು. ಅವಳ ಕಿರಿಮಗಳಿಗೆ ಜ್ಞಾನತಂದೆ ಉಬಾಲ್ದೊ ಅಂಚುಂಡಿಯಾ ಎಂಬುದು ಊರಿಗೆಲ್ಲ ಗೊತ್ತು. ಈ ಅಂಗಳಕ್ಕೆ ಬೇರೆ ಯಾರ ಮೂಟೆಯೂ ಬರುವುದಿಲ್ಲ.

"ಎಪ್ಪತ್ತೊಂದು ವರ್ಷ ಆಗಿದೆ ಆ ಮನುಷ್ಯನಿಗೆ," ಎಂದಳು ಪೇತ್ರಾ. ಜೋರು ದನಿ ಅಡಗಿಹೋಗಿತ್ತು. "ಒಂದು ಇರುವೆ ಅಡ್ಡ ಬಂದ್ರೂ ದಾಟ್ಕೊಂಡು ಹೋಗ್ತಾನೆ. ನೀನೂ ಅವನ ಕೆತ್ತನೆ ಹಲಗೆ ಕೆಳಗೇ ಬೆಳೆದೋಳು. ಮರೆತುಬಿಟ್ಟೆಯಾ?"

ಎರ್ಮಿಲಾ ಮರೆತಿರಲಿಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ ಒಂದು ಇಡೀ ಬೇಸಿಗೆ ಉಬಾಲ್ದೊನ ಹಲಗೆಯ ಕೆಳಗೆ ಕೂತು, ಒಂದೊಂದೇ ಬೀಜವನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಬೇರೆ ಮಾಡಿದ್ದಳು. ಗಲಗಲ ಅಂದರೆ ಒಣಗಿದೆ, ಸುಮ್ಮನಿದ್ದರೆ ಇನ್ನೂ ಹಸಿ, ಬಿಸಿಲಿಗೆ ಹಾಕು. ಮೇಷ್ಟ್ರು ಅನ್ನುತ್ತಿದ್ದರು ಊರವರೆಲ್ಲ ಅವನನ್ನು, ಅವಳೂ ಅನ್ನುತ್ತಿದ್ದಳು. ಆದರೂ ಹಿಡಿದ ಎಳೆಯನ್ನು ನಡುವೆ ಬಿಡುವುದು ಅವಳ ಹಣೆಯಲ್ಲಿ ಬರೆದಿರಲಿಲ್ಲ.

ಉಳಿದ ಪುಡಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಮೊಹರು ಹಾಕಿದಳು. ಹೊರಡುವಾಗ ಪೇತ್ರಾ ಹಿಂದಿನಿಂದ ಓಡಿಬಂದು ಬಾಳೆ ಎಲೆಯಲ್ಲಿ ಕಟ್ಟಿದ ಕೋಳಿ ಅನ್ನದ ಬಿಸಿ ಪೊಟ್ಟಣ ಕೈಗಿಟ್ಟಳು.

"ತೋಮಾಸಾಗೆ ಕೊಡು. ಅಲ್ಲಿ ಕೊಡೋದನ್ನ ಅವಳು ತಿಂತಿರೋದಿಲ್ಲ. ನಿಂಗೇನೂ ಇಲ್ಲ, ಹೋಗು."

ಕಾರಿನಲ್ಲಿ ಕೂತು ವಿಯಾಸೀಸ್‌ಗೆ ಫೋನ್ ಮಾಡಿದಳು. ಅವನು ಎಲ್ಲವನ್ನೂ ಕೇಳಿದ.

"ಮೇಡಂ ಪಿಂಕಾಯ್, ಕೋರ್ಟಿನಲ್ಲಿ ಯಾರನ್ನ ನಿಲ್ಲಿಸ್ತೀರಿ? ಹಂದಿಯನ್ನಾ?"

"ಹಂದಿ ಸುಳ್ಳು ಹೇಳಲ್ಲ ಸಾರ್. ನಿಮ್ಮ ಸಾಕ್ಷಿಗಳಿಗಿಂತ ವಾಸಿ."

"ಪುಡಿ ಸಿಕ್ಕಿದೆ ಅಂದ್ರೆ ಯಾರೋ ಕೆಲಸಗಾರ ಕಡೆದ ಅಂತಾಯ್ತು. ಕಡೆಸಿದವಳು ಅವಳೇ ಅಂತ ನಾನು ಹೇಳ್ತೀನಿ. ಕಡೆದವನ ಬಾಯಿಂದ ಬೇರೆ ಮಾತು ಬರೋವರೆಗೆ ಅವಳು ಒಳಗೇ. ಗಂಟೆ ಹನ್ನೊಂದೂಕಾಲು, ನೋಡ್ಕೊಳಿ."

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಅದೇ ಅವಳಿಗೆ ಇನ್ನಷ್ಟು ಉರಿಸಿತು.

*

ಕಾರ್ಖಾನೆಯ ಅಂಗಳದಲ್ಲಿ ಬೀಜ ಒಣಹಾಕಿದ್ದರು. ಎಲ್ಲ ಯಂತ್ರಗಳೂ ನಿಂತಿದ್ದವು. ಒಂದು ಹಲಗೆಯಲ್ಲಿ ಮಾತ್ರ ಕರಕರ ಸದ್ದು ಕೇಳುತ್ತಿತ್ತು. ಉಬಾಲ್ದೊ ಅಂಚುಂಡಿಯಾ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಒಂದು ನೀರುಕೋಳಿಗೆ ರೆಕ್ಕೆ ಬಿಡಿಸುತ್ತಿದ್ದ. ಕೋಳಿಯ ಕಾಲಬುಡದಲ್ಲಿ ಬೀಜದ ಕಂದು ಸಿಪ್ಪೆಯನ್ನು ಬೆರಳುಗುರಿನಷ್ಟು ಹಾಗೇ ಉಳಿಸಿದ್ದ. ಇದು ಬೀಜವೇ, ದಂತವಲ್ಲ ಎಂದು ಕೊಳ್ಳುವವರಿಗೆ ಅದೇ ಗುರುತು.

"ಬಾ ಮಗಳೇ. ವಿಸ್ತೆರ್ ಮನೆ ಹಂದಿ ನೋಡಿದೆ, ನಸಾರಿಯೊ ಮನೆ ಹಂದಿ ನೋಡಿದೆ ಅಂತ ಸುದ್ದಿ ಬಂತು. ಆವಾಗಿಂದ ನಿಂಗೋಸ್ಕರ ಕಾಯ್ತಾ ಇದ್ದೀನಿ."

"ಕಾಯೋ ಬದಲು ಒಂಬತ್ತು ದಿನದ ಹಿಂದೆ ನೀವೇ ಬಂದು ಹೇಳಬಹುದಿತ್ತಲ್ಲ, ಮೇಷ್ಟ್ರೇ?"

ಉಳಿ ನಿಂತಿತು. ಅವಳು ಮೊಹರಿನ ಚೀಲವನ್ನು ನೀರುಕೋಳಿಯ ಪಕ್ಕದಲ್ಲಿಟ್ಟಳು.

"ಹೆಂಚಿನ ಮೇಲೆ ಹಾಕಿ ನೋಡಿದ್ಯಾ?"

"ನೋಡಿದೆ."

"ಹೊಲಸು ವಾಸನೆ, ಅಲ್ವಾ?" ಎಂದ ಉಬಾಲ್ದೊ. ತಪ್ಪಿಸಿಕೊಳ್ಳುವ ಆಸೆ ಆ ದನಿಯಲ್ಲಿ ಇರಲಿಲ್ಲ. "ಆ ರಾಜನ್ನ ಕಡೆದೋನು ನಾನೇ. ಪುಡಿ ಗುಡಿಸಿ ಮೂಟೆಗೆ ಹಾಕೋವಾಗ ಒಂದು ಕ್ಷಣ ಯೋಚನೆ ಬಂತು, ಎಸೆದುಬಿಡ್ಲಾ ಅಂತ. ಕೈ ಕೇಳಲಿಲ್ಲ. ಅರವತ್ತು ವರ್ಷ ಗುಡಿಸಿ ತುಂಬಿದ ಕೈ."

ಎರ್ಮಿಲಾ ಸ್ಟೂಲು ಎಳೆದುಕೊಂಡು ಕೂತಳು. ಅವಳಿಗೆ ಸಿಟ್ಟು ಬಂದಿತ್ತು, ಆ ಸಿಟ್ಟಿಗೆ ಕಣ್ಣು ಹನಿಗೂಡಿತ್ತು.

"ಯಾಕೆ?"

"ನಮ್ಮಜ್ಜ ಮಾಂತಾದಲ್ಲಿ ಜರ್ಮನ್ನರ ಹತ್ರ ಬೀಜ ಕುಯ್ತಿದ್ದ, ಕೋಟಿನ ಗುಂಡಿಗೆ. ಅವನ ಅಪ್ಪನ ಕಾಲದಲ್ಲಿ ಈ ಬೀಜಕ್ಕೆ ಬೆಲೆಯೇ ಇರಲಿಲ್ಲವಂತೆ. ಖಾಲಿ ಹಡಗು ಅಲುಗಾಡಬಾರದು ಅಂತ ಕಲ್ಲಿನ ಬದಲು ತುಂಬಿ ಕಳಿಸ್ತಿದ್ರಂತೆ. ಹಾಂಬರ್ಗಿನ ದಡದಲ್ಲಿ ಯಾರೋ ಒಬ್ಬ ಕುಯ್ದು ನೋಡ್ದ, 'ಅಯ್ಯೋ, ದಂತದ ಹಾಗಿದೆ!' ಅಂದ. ಅಲ್ಲಿಂದ ಶುರು. ಅರ್ಧ ಯುರೋಪಿನ ಸಿಪಾಯಿಗಳು ನಮ್ಮ ಗುಂಡಿ ಹಾಕ್ಕೊಂಡು ಸತ್ರು. ಆಮೇಲೆ ಪ್ಲಾಸ್ಟಿಕ್ ಬಂತು, ಬೀಜ ಕೇಳೋರಿಲ್ಲ. ಕಾಡು ಸುಟ್ಟು ದನ ಬಿಟ್ರು. ನಮ್ಮಪ್ಪ ಗುಂಡಿ ಬಿಟ್ಟು ಬೊಂಬೆ ಹಿಡಿದ, ನಾನೂ ಹಿಡಿದೆ."

"ಇದೆಲ್ಲ ನಂಗೆ ಗೊತ್ತು ಮೇಷ್ಟ್ರೇ. ಗಂಟೆ ಹನ್ನೆರಡಾಯ್ತು."

"ಗೊತ್ತಿಲ್ಲ ನಿಂಗೆ! ಅರವತ್ತು ವರ್ಷ ನನ್ನ ಬೊಂಬೆ ಕೈಗೆ ತಗೊಂಡೋರೆಲ್ಲ ಒಂದೇ ಮಾತು ಹೇಳಿದ್ರು. 'ಥೇಟ್ ದಂತದ ಹಾಗೇ ಇದೆ!' ದಂತದ ಹಾಗೆ. ಒಬ್ಬನಾದ್ರೂ 'ತಾಗ್ವಾ ಎಷ್ಟು ಚೆಂದ' ಅಂದ್ನಾ? ನನ್ನ ಜೀವಮಾನವೆಲ್ಲ ಇನ್ನೊಬ್ಬನ ಹಾಗೆ ಇದ್ದೆ, ಆ ಇನ್ನೊಬ್ಬನ ಮುಖ ಮಾತ್ರ ನೋಡಿರಲಿಲ್ಲ. ಸಾಯೋ ಮುಂಚೆ ಒಂದು ಸಲ ನೋಡಬೇಕು ಅನ್ನಿಸ್ತು. ಅಷ್ಟೇ ತಪ್ಪು."

ಎರ್ಮಿಲಾ ಗಡಿಯಾರ ಮರೆತು ಅವನ ಕಡೆ ಬಾಗಿದಳು.

"ಹೇಗಿತ್ತು?" ಎಂದಳು.

ಮುದುಕ ನೀರುಕೋಳಿಯನ್ನು ಎತ್ತಿ ಬೆಳಕಿಗೆ ಹಿಡಿದ. "ಹಲ್ಲು. ಬರೀ ಹಲ್ಲು. ಉಳಿ ಜಾರುತ್ತೆ, ಒಳಗೆ ಗೆರೆಗೆರೆ, ವಾಸನೆ ಬೇರೆ. ಯಾವುದೋ ಪ್ರಾಣಿ ಸತ್ತಿದೆ ಅನ್ನೋದು ಕೈಗೆ ಗೊತ್ತಾಗುತ್ತೆ. ನಮ್ಮದು ನೋಡು, ಮರದಿಂದ ತಾನಾಗಿ ಉದುರುತ್ತೆ, ಎಳೆಯದಾಗಿದ್ರೆ ಹಾಲಿನ ಹಾಗೆ ಕುಡೀಬಹುದು. ಅವರೇ ನಮ್ಮ ಹಾಗಿರಬೇಕಿತ್ತು, ನಾವು ಅವರ ಹಾಗಲ್ಲ. ಇದು ಗೊತ್ತಾಗೋಕೆ ನಂಗೆ ಎಪ್ಪತ್ತೊಂದು ವರ್ಷ ಹಿಡೀತು."

"ಪೆಟ್ಟಿಗೆಗೆ ಯಾಕೆ ಹಾಕಿದ್ರಿ?"

"ಸೊಕ್ಕಿಗೆ. ನಲವತ್ತು ರಾಜರನ್ನ ಸಾಲಾಗಿ ನಿಲ್ಲಿಸಿದ್ರೆ ಯಾವನು ಆನೆ ಮಗ, ಯಾವನು ಮರದ ಮಗ ಅಂತ ಯಾರೂ ಹೇಳಲಾರರು ಅನ್ನೋ ಸೊಕ್ಕು. ಬಂದರಿನೋರು ಕಣ್ಣಲ್ಲಿ ನೋಡದೆ ಆಮ್ಲ ಹಾಕ್ತಾರೆ ಅಂತ ಹೊಳೀಲೇ ಇಲ್ಲ."

ನಗಬೇಕೋ ಹೊಡೆಯಬೇಕೋ ತಿಳಿಯದ ಹಾಗಾಯಿತು ಅವಳಿಗೆ. ಆದರೆ ಮುಖ್ಯ ಪ್ರಶ್ನೆ ಇನ್ನೂ ಬಾಕಿಯಿತ್ತು.

"ದಂತ ಯಾರು ಕೊಟ್ರು?"

"ಯಾರೂ ಕೊಡಲಿಲ್ಲ. ಸಿಕ್ತು."

"ಮೇಷ್ಟ್ರೇ!"

"ಅಮ್ಮನಾಣೆ. ಆ ಮೂಲೆಯಲ್ಲಿ ಹಳೇ ಬೀಜದ ಗೋಣಿಗಳಿವೆಯಲ್ಲ, ಅಡಿಯಲ್ಲಿರೋದನ್ನ ಯಾರೂ ಮುಟ್ಟಲ್ಲ. ಎರಡು ತಿಂಗಳ ಹಿಂದೆ ದೊಡ್ಡ ಬೀಜ ಬೇಕು ಅಂತ ನಾನು ಬಿಚ್ಚಿದೆ. ಒಂದೊಂದೇ ತೆಗೆದು ಕಿವಿ ಹತ್ರ ಅಲ್ಲಾಡಿಸ್ತಾ ಬಂದೆ. ಗಲಗಲ, ಗಲಗಲ. ಆಮೇಲೆ ಬಟ್ಟೆ ಸುತ್ತಿದ್ದು ಒಂದು ಬಂತು, ಅಲ್ಲಾಡಿಸಿದ್ರೆ ಸದ್ದೇ ಇಲ್ಲ. ಗೇಣುದ್ದದ ತುದಿ. ಒಂದು ಕಡೆ ಚೂಪು, ಇನ್ನೊಂದು ಕಡೆ ಗರಗಸದಲ್ಲಿ ಕುಯ್ದದ್ದು."

"ಇಟ್ಟೋರು ಯಾರು ಅಂತ ಕೇಳಬೇಕು ಅನ್ನಿಸಲಿಲ್ವಾ?"

"ಕೇಳಿದ್ರೆ ಕಿತ್ಕೊಳ್ತಿದ್ರು."

ಎರ್ಮಿಲಾ ಮೂಲೆಗೆ ಹೋಗಿ ಗೋಣಿಗಳನ್ನು ನೋಡಿದಳು. ಮೇಲಿನವು ಹೊಸವು, ಅಡಿಯಲ್ಲಿದ್ದವಕ್ಕೆ ಇಲಿ ಹಲ್ಲು ಹಾಕಿತ್ತು. ಬಿಚ್ಚಿ ಮತ್ತೆ ಹೊಲಿದ ಗೋಣಿ ಸಿಕ್ಕಿತು. ಮುದುಕ ಹೇಳಿದ ಬಟ್ಟೆ ಅದರೊಳಗೇ ಇತ್ತು, ಹಳೆಯ ಹಿಟ್ಟಿನ ಚೀಲದ ತುಂಡು. ಅದನ್ನೂ ಮೊಹರು ಮಾಡಿದಳು.

"ಆ ವಾರ ತೋಮಾಸಾ ಇಲ್ಲಿದ್ಲಾ?"

"ಇಲ್ಲ, ಮಗಳ ಎರಡನೇ ಬಾಣಂತನಕ್ಕೆ ರೋಕಾಫ್ವೆರ್ತೆಗೆ ಹೋಗಿದ್ಲು. ಕಡೆದದ್ದು ನಾನೊಬ್ಬನೇ, ಬಾಗಿಲು ಹಾಕ್ಕೊಂಡು. ಅವಳಿಗೆ ಏನೂ ಗೊತ್ತಿಲ್ಲ, ಪಾಪ."

"ಇದನ್ನ ನ್ಯಾಯಾಧೀಶರ ಮುಂದೆ ಹೇಳ್ತೀರಾ? ಹೇಳಿದ್ರೆ ನಿಮ್ಮನ್ನ ಒಳಗೆ ಹಾಕ್ತಾರೆ. ನಾನು ತಡೆಯೋಕಾಗಲ್ಲ."

ಉಬಾಲ್ದೊ ಎದ್ದು ಏಪ್ರನ್ ಕಳಚಿ ಮೊಳೆಗೆ ತೂಗುಹಾಕಿದ. ಮದುವೆ, ಸಾವಿಗೆ ಮಾತ್ರ ಹಾಕುವ ಒಳ್ಳೆಯ ಹುಲ್ಲಿನ ಟೋಪಿಯನ್ನು ಕಪಾಟಿನಿಂದ ತೆಗೆದು ಊದಿ ಪುಡಿ ಹಾರಿಸಿದ.

"ಒಂಬತ್ತು ದಿನದಿಂದ ನಿದ್ದೆ ಮಾಡಿಲ್ಲ. ನಡಿ. ಹೋಗ್ತಾ ಹಂದಿ ಪುಡಿ ಕಾರಲ್ಲಿ ಚೆಲ್ಲಬೇಡ."

*

ವಿಚಾರಣೆಯ ಕೋಣೆ ಸಣ್ಣದು, ಫ್ಯಾನು ಇದ್ದೂ ಇಲ್ಲದ ಹಾಗೆ. ನ್ಯಾಯಾಧೀಶೆ ಅರ್ತೇಗಾ ಎತ್ತರದ ಮೇಜಿನ ಹಿಂದೆ, ಅವರ ಪಕ್ಕ ಟೈಪು ಮಾಡುವ ಗುಮಾಸ್ತೆ. ವಿಯಾಸೀಸ್ ಕೋಟು ಬಿಚ್ಚಲಾರದೆ ಬೆವರುತ್ತಿದ್ದ. ಎದುರು ಬದಿಯಲ್ಲಿ ಸರ್ಕಾರ ನೇಮಿಸಿದ ವಕೀಲ ಬೈಲೋನ್. ಬಾಗಿಲ ಬಳಿ ಒಬ್ಬ ಕಾವಲಿನವನು. ತೋಮಾಸಾ ಮೇರೊ ಬೆಂಚಿನ ತುದಿಯಲ್ಲಿ ಕೂತಿದ್ದಳು, ಬಾಳೆ ಎಲೆಯ ಪೊಟ್ಟಣ ಬಿಚ್ಚದೆ ಮಡಿಲಲ್ಲಿಟ್ಟುಕೊಂಡು.

ಒಳಗೆ ಬಂದ ಉಬಾಲ್ದೊನನ್ನೂ ಅವನ ಕೈಯಲ್ಲಿದ್ದ ಒಳ್ಳೆಯ ಟೋಪಿಯನ್ನೂ ನೋಡಿದ ಕೂಡಲೇ ಅವಳ ಮುಖ ಬಿಳಿಚಿಕೊಂಡಿತು.

ಮುದುಕ ನಿಂತು ಎಲ್ಲವನ್ನೂ ಹೇಳಿದ. ಗೋಣಿ, ಬಟ್ಟೆ, ರಾಜ, ಪುಡಿ, ಸೊಕ್ಕು. ಒಂದನ್ನೂ ಬಿಡಲಿಲ್ಲ. ಎರ್ಮಿಲಾ ಚೀಲಗಳನ್ನು ಮೇಜಿನ ಮೇಲಿಟ್ಟಳು. ವಿಯಾಸೀಸ್ ಹುಬ್ಬು ಗಂಟಿಕ್ಕಿ ಬರೆದುಕೊಳ್ಳುತ್ತಿದ್ದ. ಒಂಬತ್ತು ದಿನದಲ್ಲಿ ಮೊದಲ ಸಲ ಎರ್ಮಿಲಾಗೆ ಎದೆ ಹಗುರವಾಯಿತು. ಗೆದ್ದೆ ಅಂದುಕೊಂಡಳು.

"ಹಾಗಾದರೆ ಆರೋಪಿಗೆ ಈ ದಂತದ ಅರಿವೇ ಇರಲಿಲ್ಲ," ಎಂದು ನ್ಯಾಯಾಧೀಶೆ ಗುಮಾಸ್ತೆಯ ಕಡೆ ತಿರುಗಿದರು. "ಈ ಹೇಳಿಕೆ ಕೊಟ್ಟವರನ್ನು ವಶಕ್ಕೆ..."

"ಅವನು ಸುಳ್ಳು ಹೇಳ್ತಿದ್ದಾನೆ," ಎಂದಳು ತೋಮಾಸಾ.

ಒಂಬತ್ತು ದಿನದಿಂದ ಯಾರೂ ಕೇಳಿರದ ದನಿ. ಅವಳು ಪೊಟ್ಟಣವನ್ನು ಬೆಂಚಿನ ಮೇಲಿಟ್ಟು ಎದ್ದು ನಿಂತಿದ್ದಳು.

"ದಂತ ನಂದು. ಕಡಿ ಅಂತ ಅವನಿಗೆ ಕೊಟ್ಟೋಳು ನಾನು. ಬಡ ಮುದುಕ, ಹೇಳಿದ್ದು ಮಾಡ್ದ. ಅವನನ್ನ ಮನೆಗೆ ಕಳಿಸಿ."

"ತೋಮಾಸಾ, ಕೂತ್ಕೋ! ನಿಂಗೇನು ತಲೆ ಕೆಟ್ಟಿದೆಯಾ?" ಎಂದು ಉಬಾಲ್ದೊ ಕೂಗಿದ.

"ನೀನು ಕೂತ್ಕೋ. ಒಳಗೆ ಹಾಕಿದ್ರೆ ನೀನು ಒಂದು ಮಳೆಗಾಲ ತಡೆಯಲ್ಲ."

ವಿಯಾಸೀಸ್‌ನ ಮುಖದಲ್ಲಿ ನಗು ಅರಳಿತು. ಎರ್ಮಿಲಾಗೆ ಮೈಯೆಲ್ಲ ಉರಿದುಹೋಯಿತು. ಮುಂಜಾನೆಯಿಂದ ಹಂದಿಗೂಡು ಸುತ್ತಿ, ಮೇಷ್ಟ್ರನ್ನು ತನ್ನ ಕೈಯಾರೆ ತಂದು ನಿಲ್ಲಿಸಿ ಪಡೆದದ್ದನ್ನು ಈ ಹೆಂಗಸು ಒಂದು ಉಸಿರಿಗೆ ಹೊಳೆಗೆ ಹಾಕುತ್ತಿದ್ದಾಳೆ. ಇದು ಮುದುಕನನ್ನು ಉಳಿಸುವ ಸುಳ್ಳು, ಮತ್ತೇನಲ್ಲ. ಸುಳ್ಳೆಂದು ತೋರಿಸಲೇಬೇಕು.

"ಒಂದೇ ಪ್ರಶ್ನೆ ಕೇಳೋಕೆ ಅಪ್ಪಣೆ ಕೊಡಿ," ಎಂದಳು.

ನ್ಯಾಯಾಧೀಶೆ ಬೈಲೋನ್ ಕಡೆ ನೋಡಿದರು, ಅವನು ಹೆಗಲು ಕುಣಿಸಿದ. "ಕೇಳಿ."

ಎರ್ಮಿಲಾಗೆ ಲೆಕ್ಕ ಸ್ಪಷ್ಟವಿತ್ತು. ವಾಸನೆಯ ಮಾತನ್ನು ಈ ಕೋಣೆಯಲ್ಲಿ ಇನ್ನೂ ಯಾರೂ ಎತ್ತಿರಲಿಲ್ಲ. ಹುಟ್ಟಿದಾಗಿನಿಂದ ತಾಗ್ವಾ ಪುಡಿಯ ನಡುವೆ ಉಸಿರಾಡಿದವಳು ತೋಮಾಸಾ. ದಂತದ ಹತ್ತಿರವೂ ಸುಳಿಯದವಳಾದರೆ ಅವಳ ಬಾಯಿಂದ ಬರುವುದು ಒಂದೇ ಉತ್ತರ, ಹುರಿದ ಜೋಳ. ಆ ಒಂದು ಮಾತು ಸಾಕು ಅವಳನ್ನು ಬಿಡಿಸಲು.

"ದೋನ್ಯಾ ತೋಮಾಸಾ, ದಂತ ನಿಮ್ಮದೇ ಅಂತೀರಿ. ಒಂದು ಕಡೆ ಗರಗಸದಲ್ಲಿ ಕುಯ್ದಿದೆ. ಕುಯ್ಯೋವಾಗ ಎಂಥ ವಾಸನೆ ಬರುತ್ತೆ?"

ಉಬಾಲ್ದೊ ಕಣ್ಣು ಮುಚ್ಚಿಕೊಂಡ. ತೋಮಾಸಾ ಎರ್ಮಿಲಾಳನ್ನೇ ನೋಡಿದಳು. ಪ್ರಶ್ನೆ ಯಾಕೆ ಕೇಳಿದಳೆಂಬುದು ಅವಳಿಗೆ ಚೆನ್ನಾಗಿ ಅರ್ಥವಾಗಿತ್ತು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಪ್ರೀತಿಯೇ ಇತ್ತು.

"ಮೊದಲು ಏನೂ ಬರಲ್ಲ," ಎಂದಳು. "ಗರಗಸ ಬಿಸಿಯಾಗ್ತಿದ್ದ ಹಾಗೆ ಸುಟ್ಟ ಕೂದಲು. ಆಮೇಲೆ ಹಲ್ಲು ಕೊರೆಯೋವಾಗ ಬರುತ್ತಲ್ಲ, ಅದು. ನಾನು ಎರಡು ಸಲ ಹೊರಗೆ ಹೋಗಿ ವಾಂತಿ ಮಾಡ್ದೆ. ಮೂರು ದಿನ ತಲೆ ತೊಳ್ಕೊಂಡ್ರೂ ಹೋಗಲಿಲ್ಲ."

ಗುಮಾಸ್ತೆಯ 'ಟಕಟಕ' ಮಾತ್ರ ಕೇಳುತ್ತಿತ್ತು. ಬಿಡಿಸಲೆಂದು ಚಾಚಿದ ಕೈಯಿಂದಲೇ ಎರ್ಮಿಲಾ ಅವಳಿಗೆ ಬೇಡಿ ತೊಡಿಸಿದ್ದಳು. ಉಬಾಲ್ದೊ ಬಾಯಿ ತೆರೆದು ತೋಮಾಸಾಳನ್ನು ನೋಡುತ್ತಿದ್ದ. ಅವನ ಬೆರಗು ಕಟ್ಟಿದ್ದಲ್ಲ. ಅವನಿಗೂ ಇದು ಗೊತ್ತಿರಲಿಲ್ಲ.

"ಯಾವಾಗ ಕುಯ್ದ್ರಿ?" ಎಂದಳು ಎರ್ಮಿಲಾ.

"ಇವನ ಕೈಗೆ ಸಿಗೋಕೆ ಆರು ತಿಂಗಳು ಮೊದಲು. ಇವನಿಗೆ ಸಿಕ್ಕಿದ್ದು ಬರೀ ತುದಿ. ಆನೆಗೆ ಎರಡು ದಂತ ಇರುತ್ತೆ, ಮಗಳೇ."

ವಿಯಾಸೀಸ್ ಮುಂದಕ್ಕೆ ಬಾಗಿದ. "ಉಳಿದದ್ದು ಎಲ್ಲಿದೆ?"

ತೋಮಾಸಾ ಅವನ ಕಡೆ ತಿರುಗಲೂ ಇಲ್ಲ. ನ್ಯಾಯಾಧೀಶೆಯ ಕಡೆಗೂ ತಿರುಗಲಿಲ್ಲ. ಎರ್ಮಿಲಾಳ ಮೇಲಿಂದ ಕಣ್ಣು ತೆಗೆಯದೆ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು.

"ಹೇಳ್ತೀನಿ. ನಿಂಗೊಬ್ಬಳಿಗೇ ಹೇಳ್ತೀನಿ. ಅದಕ್ಕೆ ಮುಂಚೆ, ಆ ದಂತನ ನನ್ನ ಬಾಗಿಲಿಗೆ ತಂದು, ಬಾಯಿ ಬಿಟ್ರೆ ನನ್ನ ಮೊಮ್ಮಗು ಉಳಿಯಲ್ಲ ಅಂತ ಹೇಳಿ ಹೋದೋರು ಈ ಕೋಣೆಯಿಂದ ಆಚೆ ಹೋಗ್ಲಿ."

ಗುಮಾಸ್ತೆಯ ಬೆರಳು ನಿಂತಿತು. ಎರ್ಮಿಲಾ ನಿಧಾನವಾಗಿ ಸುತ್ತ ನೋಡಿದಳು. ತನ್ನನ್ನೂ ತೋಮಾಸಾಳನ್ನೂ ಬಿಟ್ಟರೆ ಕೋಣೆಯಲ್ಲಿ ಆರು ಜನ ಇದ್ದರು.

ಯಾರೂ ಏಳಲಿಲ್ಲ.